ನ್ಯಾಯದೇವತೆಯ ತಕ್ಕಡಿ ಎಲ್ಲಿಂದ ಬಂತು? ಕಾನೂನಿನೊಳಗಿನ ಕ್ರೈಸ್ತ ಅನುಭಾವ

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿ. ನ್ಯಾಯದೇವತೆಯ ತಕ್ಕಡಿ, ಖಡ್ಗ, ಕಣ್ಣಿನ ಪಟ್ಟಿ, ಕೋರ್ಟಿನ ಮುಂದಿನ ಕಂಬಗಳು ಎಲ್ಲವೂ ಕ್ರೈಸ್ತ ಗುಪ್ತ ಪಂಥಗಳ ಸಂಕೇತಗಳು, ಪಶ್ಚಿಮದ ಕಾನೂನು ನಿಂತಿರುವುದೇ ಆ ಗುಪ್ತ ಜ್ಞಾನದ ಮೇಲೆ ಎನ್ನುವ ವಿಡಿಯೋಗಳನ್ನು ನೋಡಿದೆ. ಇದರಲ್ಲಿ ನಿಜ ಎಷ್ಟು? ಕ್ರೈಸ್ತ ಅನುಭಾವಿಗಳಿಗೂ ಕಾನೂನಿಗೂ ನಿಜವಾಗಲೂ ನಂಟಿದೆಯೇ? ಇದ್ದರೆ ನಮ್ಮ ಕಾನೂನಿನಲ್ಲಿ ಅದರ ಗುರುತು ಎಲ್ಲಿ? ಸೆಮಿನಾರಿಗೆ ಇದನ್ನೇ ವಿಷಯ ಮಾಡಿಕೊಳ್ಳಬಹುದೇ?

ಉತ್ತರ: ವಿಡಿಯೋಗಳು ಹೇಳುವುದರಲ್ಲಿ ನಿಜ ಬಹಳ ಕಡಿಮೆ. ಆದರೆ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಹೌದು. ನಂಟು ಇದೆ, ಗಟ್ಟಿಯಾಗಿಯೇ ಇದೆ. ಅದನ್ನು ಹುಡುಕಲು ಕಂಬಗಳನ್ನು ಬಿಟ್ಟು ಮನುಷ್ಯರ ಕಡೆ ನೋಡಬೇಕು. ಸಾಕ್ಷಿ ಹೇಳುವವನ ಮನಸ್ಸು, ಆರೋಪಿಯ ಮೌನ, ಪ್ರಮಾಣ ಮಾಡಲಾರೆ ಎನ್ನುವವನ ಹಟ, ಅದು ಇರುವುದು ಅಲ್ಲಿ. ಮನುಷ್ಯನ ಒಳಗೆ ದೇವರಿಗೆ ಮಾತ್ರ ಕಾಣುವ ಒಂದು ಜಾಗ ಇದೆ ಎಂದು ಈ ಅನುಭಾವಿಗಳು ನಂಬಿದ್ದರು. ಆ ಜಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಆದರೆ ಬಲವಂತವಾಗಿ ಅದರೊಳಗೆ ನುಗ್ಗಬಾರದು. ಇಷ್ಟನ್ನು ಕಲಿಯಲು ಕಾನೂನಿಗೆ ನೂರಾರು ವರ್ಷ ಬೇಕಾಯಿತು. ಅಷ್ಟರಲ್ಲಿ ತುಂಬಾ ಜನ ನೋವು ತಿಂದರು.

ಮೊದಲು ಚಿಹ್ನೆಗಳ ವಿಷಯ ಮುಗಿಸಿಬಿಡೋಣ. ಕಂಬಗಳದು ಸುಲಭ. ಜೆರುಸಲೇಮಿನಲ್ಲಿ ಸೊಲೊಮೋನ ಕಟ್ಟಿಸಿದ ದೇವಾಲಯದ ಮುಂದೆ ಯಾಕೀನ್, ಬೋವಜ್ ಎಂಬ ಎರಡು ಕಂಚಿನ ಕಂಬಗಳಿದ್ದವು ಎಂದು ಬೈಬಲ್ ಹೇಳುತ್ತದೆ. ಫ್ರೀಮೇಸನ್ನರು, ಅಂದರೆ ಗುಟ್ಟಿನ ಆಚರಣೆಗಳಿರುವ ಒಂದು ಸಂಘದವರು, ಅವನ್ನು ತಮ್ಮ ಸಂಕೇತ ಮಾಡಿಕೊಂಡರು. ಅವರ ಮೊದಲ ಮಹಾಮಂಡಳಿ ಲಂಡನ್ನಿನಲ್ಲಿ ಶುರುವಾದದ್ದು 1717ರಲ್ಲಿ. ಕೋರ್ಟಿನ ಕಂಬಗಳಿಗೂ ಇದಕ್ಕೂ ಸಂಬಂಧ ಇಲ್ಲ. ಅವು ಗ್ರೀಕ್ ಮತ್ತು ರೋಮನ್ ಕಟ್ಟಡಗಳನ್ನು ನೋಡಿ ಕಟ್ಟಿದವು. ಬೆಂಗಳೂರಿನಲ್ಲಿ ಹೈಕೋರ್ಟ್ ಇರುವ ಅಠಾರಾ ಕಚೇರಿಯ ಕಂಬಗಳೂ ಅಷ್ಟೇ. ತ್ರಿಕೋನದೊಳಗಿನ ಕಣ್ಣನ್ನೂ ಈ ವಿಡಿಯೋಗಳಲ್ಲಿ ಸಾಮಾನ್ಯವಾಗಿ ತೋರಿಸುತ್ತಾರೆ. ಅದು ಮೊದಲು ಚರ್ಚುಗಳಲ್ಲಿ ಎಲ್ಲರೆದುರು ಬರೆಯುತ್ತಿದ್ದ ತ್ರಿತ್ವದ ಚಿಹ್ನೆ. ತ್ರಿತ್ವ ಎಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ಕ್ರೈಸ್ತ ನಂಬಿಕೆ. ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ.

ಕಣ್ಣಿನ ಪಟ್ಟಿಯ ಕಥೆ ಇನ್ನೂ ಸ್ವಾರಸ್ಯದ್ದು. ಅದು ಹಳೆಯದೇ ಅಲ್ಲ. 1494ರಲ್ಲಿ ಬಾಸೆಲ್ ನಗರದಲ್ಲಿ ಸೆಬಾಸ್ಟಿಯನ್ ಬ್ರಾಂಟ್ ಎಂಬ ಕಾನೂನು ಪಂಡಿತನ ವಿಡಂಬನೆಯ ಪುಸ್ತಕವೊಂದು ಅಚ್ಚಾಯಿತು. ಅದರಲ್ಲಿ ವ್ಯಾಜ್ಯಕೋರರ ಬಗ್ಗೆ ಒಂದು ಅಧ್ಯಾಯ, ಜೊತೆಗೆ ಒಂದು ಮರದಚ್ಚಿನ ಚಿತ್ರ. ನ್ಯಾಯದೇವತೆ ಖಡ್ಗ, ತಕ್ಕಡಿ ಹಿಡಿದು ಕೂತಿದ್ದಾಳೆ. ಹಿಂದಿನಿಂದ ಬಂದ ಮೂರ್ಖನೊಬ್ಬ ಅವಳ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದಾನೆ. ಸುಮ್ಮಸುಮ್ಮನೆ ಕೋರ್ಟು ಹತ್ತುವವರು ನ್ಯಾಯವನ್ನೇ ಕುರುಡು ಮಾಡುತ್ತಾರೆ ಎಂಬ ಟೀಕೆ ಅದು. ಐವತ್ತು ವರ್ಷದಲ್ಲಿ ಅರ್ಥ ತಿರುಗಿತು. 1543ರಲ್ಲಿ ಬೆರ್ನ್ ನಗರದ ಕಾರಂಜಿಯ ಮೇಲೆ ನಿಲ್ಲಿಸಿದ ನ್ಯಾಯದೇವತೆಗೆ ಕಣ್ಣಿನ ಪಟ್ಟಿ ಇದೆ. ಕಾಲ ಬುಡದಲ್ಲಿ ಪೋಪ್, ಚಕ್ರವರ್ತಿ, ಸುಲ್ತಾನ, ಊರಿನ ಮುಖ್ಯಾಧಿಕಾರಿ ನಾಲ್ವರೂ ಇದ್ದಾರೆ. ಯಾರ ಮುಖವನ್ನೂ ನೋಡುವುದಿಲ್ಲ ಎಂಬುದು ಈಗಿನ ಅರ್ಥ. 2024ರ ಅಕ್ಟೋಬರಿನಲ್ಲಿ ನಮ್ಮ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳ ಗ್ರಂಥಾಲಯದ ಹೊಸ ಪ್ರತಿಮೆ ಸುದ್ದಿಯಾಯಿತು, ಅಲ್ವಾ? ಸೀರೆ ಉಟ್ಟು, ಕಣ್ಣು ತೆರೆದು, ಖಡ್ಗದ ಬದಲು ಸಂವಿಧಾನ ಹಿಡಿದ ಪ್ರತಿಮೆ. ಆಗ ಸಾವಿರಾರು ವರ್ಷದ ಸಂಕೇತವನ್ನೇ ಬದಲಾಯಿಸಿಬಿಟ್ಟರು ಎಂದು ಕೆಲವರು ಬೇಸರ ಮಾಡಿಕೊಂಡರು. ಪಟ್ಟಿಯ ವಯಸ್ಸು ಅಷ್ಟಿಲ್ಲ.

ತಕ್ಕಡಿ ಮತ್ತು ಖಡ್ಗ ನಿಜಕ್ಕೂ ಹಳೆಯವು. ಇಲ್ಲಿ ಕ್ರೈಸ್ತ ಕಲ್ಪನೆಯ ಪಾತ್ರವೂ ದೊಡ್ಡದು. ಸತ್ತವರ ಹೃದಯವನ್ನು ತೂಗುವ ತಕ್ಕಡಿ ಈಜಿಪ್ಟಿನಲ್ಲೇ ಇತ್ತು. ಯುರೋಪಿನ ಚರ್ಚುಗಳಲ್ಲಿ ಅದು ದೇವದೂತ ಮಿಕಾಯೇಲನ ಕೈಗೆ ಬಂತು. ಇದಕ್ಕೆ ನೀವು ನೋಡಲೇಬೇಕಾದ ಚಿತ್ರ ಒಂದಿದೆ. ಫ್ರಾನ್ಸಿನ ಬೋನ್ ಎಂಬ ಊರಿನಲ್ಲಿ 1443ರಲ್ಲಿ ನಿಕೋಲಾ ರೋಲಾಂ ಬಡವರಿಗಾಗಿ ಒಂದು ಆಸ್ಪತ್ರೆ ಕಟ್ಟಿಸಿದ. ಅವನು ಕಾನೂನು ಓದಿದವನು, ಬರ್ಗಂಡಿಯ ಡ್ಯೂಕನ ಚಾನ್ಸಲರ್. ರೋಗಿಗಳು ಮಲಗುವ ದೊಡ್ಡ ಹಜಾರದ ಕೊನೆಯಲ್ಲಿ ಇಡಲು ರೋಗಿಯರ್ ವಾನ್ ಡರ್ ವೇಡನ್ ಎಂಬ ಕಲಾವಿದನಿಂದ ಅಂತಿಮ ತೀರ್ಪಿನ ಚಿತ್ರ ಬರೆಸಿದ.

ಆ ಚಿತ್ರದಲ್ಲಿ ಕ್ರಿಸ್ತ ಕಾಮನಬಿಲ್ಲಿನ ಮೇಲೆ ಕೂತಿದ್ದಾನೆ. ಅವನ ಬಲಕ್ಕೆ ಗಾಳಿಯಲ್ಲಿ ಒಂದು ಬಿಳಿ ಲಿಲ್ಲಿ ಹೂವು, ಎಡಕ್ಕೆ ಕಾದು ಕೆಂಪಾದ ಖಡ್ಗ. ಹೂವಿನ ಕಡೆ 'ಬನ್ನಿ' ಎಂದು ಕರೆಯುವ ಶುಭಸಂದೇಶದ ಮಾತು, ಖಡ್ಗದ ಕಡೆ 'ತೊಲಗಿರಿ' ಎನ್ನುವ ಮಾತು. ಕೆಳಗೆ ಬಿಳಿ ಬಟ್ಟೆಯ ಮಿಕಾಯೇಲ. ಕೈಯಲ್ಲಿ ತಕ್ಕಡಿ, ತಟ್ಟೆಗಳಲ್ಲಿ ಎರಡು ಪುಟ್ಟ ಬೆತ್ತಲೆ ಆತ್ಮಗಳು. ಒಂದರ ಪಕ್ಕ 'ಸದ್ಗುಣ', ಇನ್ನೊಂದರ ಪಕ್ಕ 'ಪಾಪ' ಎಂದು ಲ್ಯಾಟಿನ್‌ನಲ್ಲಿ ಬರೆದಿದೆ. ಪಾಪದ ತಟ್ಟೆ ಭಾರವಾಗಿ ಕೆಳಕ್ಕಿಳಿದಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ನರಕದ ಕಡೆ ಹೋಗುವವರನ್ನು ಎಳೆಯಲು ಅಲ್ಲಿ ಒಂದೇ ಒಂದು ಪಿಶಾಚಿ ಇಲ್ಲ. ಆ ಕಾಲದ ಬೇರೆ ಚಿತ್ರಗಳಲ್ಲಿ ಕೊಂಬು, ಬಾಲದ ಪಿಶಾಚಿಗಳು ತುಂಬಿರುತ್ತವೆ. ಇಲ್ಲಿ ಪಾಪಿಗಳು ತಾವೇ ಎಡವಿ, ತಾವೇ ಕೂಗುತ್ತ, ತಾವೇ ಹೋಗಿ ಬೀಳುತ್ತಾರೆ. ಶಿಕ್ಷೆ ಹೊರಗಿನಿಂದ ಬರಲಿಲ್ಲ. ತಮ್ಮೊಳಗೆ ಇದ್ದದ್ದೇ ಅವರನ್ನು ನೂಕುತ್ತಿದೆ.

ಈ ಸಂಕೇತಗಳನ್ನು ಗುಪ್ತ ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಸಾಯುತ್ತಿರುವ ಬಡವರಿಗೂ ಅರ್ಥವಾಗಲಿ ಎಂದೇ ಇಷ್ಟು ದೊಡ್ಡದಾಗಿ ಬರೆಸಿದ್ದು. ಆದರೆ ತಕ್ಕಡಿ ತೂಗುತ್ತಿರುವುದು ಹೊರಗಿನ ಕೆಲಸವನ್ನಲ್ಲ, ಮನಸ್ಸಿನ ಭಾರವನ್ನು. ಕಾನೂನಿಗೆ ಇಲ್ಲಿಂದ ದೊರೆತದ್ದು ಇದೇ. ಅದು ಹೇಗೆ ದೊರೆಯಿತು ಎಂದು ನೋಡಲು ಆ ಚಿತ್ರಕ್ಕಿಂತ ಸಾವಿರ ವರ್ಷ ಹಿಂದೆ ಹೋಗಬೇಕು.

ಉತ್ತರ ಆಫ್ರಿಕಾದ ಹಿಪ್ಪೋ ನಗರದ ಬಿಷಪ್ ಅಗಸ್ಟೀನ್ ಸುಳ್ಳು ಪ್ರಮಾಣದ ಬಗ್ಗೆ ಒಂದು ಪ್ರವಚನ ಮಾಡಿದರು. ಅದರಲ್ಲಿ ಒಂದು ಪುಟ್ಟ ಉದಾಹರಣೆ ಕೊಡುತ್ತಾರೆ. ಒಬ್ಬನಿಗೆ ಮಳೆ ಬಂದಿಲ್ಲ ಅನ್ನಿಸಿದೆ. ಆದರೆ ಬಂತು ಎಂದು ಹೇಳಿದರೆ ಅವನಿಗೆ ಲಾಭ. ಹಾಗಾಗಿ ಮಳೆ ಬಂತು ಎಂದು ಆಣೆ ಇಟ್ಟು ಹೇಳುತ್ತಾನೆ. ಅವನಿಗೆ ಗೊತ್ತಿಲ್ಲದೆ ಅಲ್ಲಿ ನಿಜಕ್ಕೂ ಮಳೆ ಬಂದಿದೆ! ಈಗ ಅವನು ಹೇಳಿದ್ದು ನಿಜವೋ ಸುಳ್ಳೋ? ಮಾತು ನಿಜ, ಆದರೂ ಅವನು ಸುಳ್ಳುಸಾಕ್ಷಿ ಎನ್ನುತ್ತಾರೆ ಅಗಸ್ಟೀನ್. ಮಾತು ಮನಸ್ಸಿನಿಂದ ಹೇಗೆ ಹೊರಟಿತು ಎಂಬುದು ಮುಖ್ಯ. ಮನಸ್ಸು ತಪ್ಪಿತಸ್ಥ ಆಗದೆ ನಾಲಿಗೆ ತಪ್ಪಿತಸ್ಥ ಆಗುವುದಿಲ್ಲ.

ಈ ಕೊನೆಯ ಸಾಲನ್ನು ನೀವು ಓದಿರುತ್ತೀರಿ. 12ನೇ ಶತಮಾನದ ಶುರುವಿನಲ್ಲಿ ಇಂಗ್ಲೆಂಡಿನ ಒಂದು ಕಾನೂನು ಸಂಗ್ರಹ ಇದನ್ನು ಎತ್ತಿಕೊಂಡಿತು. ಹೆನ್ರಿ ದೊರೆಯ ಹೆಸರಿನಲ್ಲಿರುವ ಸಂಗ್ರಹ ಅದು. ಅಲ್ಲಿಂದ 17ನೇ ಶತಮಾನದ ನ್ಯಾಯಾಧೀಶ ಎಡ್ವರ್ಡ್ ಕೋಕ್, ಅವರಿಂದ ಇಂಗ್ಲಿಷ್ ಕೋರ್ಟುಗಳು, ಅಲ್ಲಿಂದ 1860ರ ಭಾರತೀಯ ದಂಡ ಸಂಹಿತೆಯ ವ್ಯಾಖ್ಯಾನ. ಈಗ 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 'ಮೆನ್ಸ್ ರಿಯಾ', ಅಂದರೆ ತಪ್ಪಿತಸ್ಥ ಮನಸ್ಸು, ಇತ್ತೇ ಎಂದು ನಮ್ಮ ವಕೀಲರು ಇವತ್ತೂ ವಾದ ಮಾಡುತ್ತಾರೆ. ಮೂಲದಲ್ಲಿ ಅದು ಚರ್ಚಿನ ಪ್ರವಚನದ ಮಾತು. ನಿಮ್ಮ ಮೂರನೇ ಪ್ರಶ್ನೆಗೆ ಮೊದಲ ಉತ್ತರ ಇದು.

ಆದರೆ ಮನಸ್ಸನ್ನು ನೋಡಬೇಕು ಎಂದು ಹೇಳುವುದು ಸುಲಭ. ನೋಡುವುದು ಹೇಗೆ? ಬಹಳ ಕಾಲ ಯುರೋಪಿನವರು ಅದನ್ನು ದೇವರಿಗೇ ಬಿಟ್ಟಿದ್ದರು. ನಮ್ಮ ಧರ್ಮಶಾಸ್ತ್ರಗಳು ದಿವ್ಯ ಎನ್ನುವ, ಬೆಂಕಿ ನೀರಿನಂಥ ಪರೀಕ್ಷೆಯಿಂದ ದೇವರ ತೀರ್ಪು ಕೇಳುವುದಕ್ಕೆ ಹತ್ತಿರದ ಪದ್ಧತಿ ಅಲ್ಲೂ ಇತ್ತು. ಕಲ್ಯಾಣದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರವನ್ನು ಹಿಂದೂ ಕಾನೂನಿನ ಪಾಠದಲ್ಲಿ ಕೇಳಿರುತ್ತೀರಿ. ದಿವ್ಯಗಳ ವಿವರ ಅದರಲ್ಲೂ ಇದೆ. ಇಂಗ್ಲೆಂಡಿನಲ್ಲಿ ಆರೋಪಿ ಕಾದ ಕಬ್ಬಿಣ ಹಿಡಿದು ಒಂಬತ್ತು ಅಡಿ ನಡೆಯಬೇಕಿತ್ತು. ಕೈಗೆ ಬಟ್ಟೆ ಕಟ್ಟಿ ಮೂರು ದಿನ ಬಿಟ್ಟು ಬಿಚ್ಚುತ್ತಿದ್ದರು. ಕೀವು ಕಂಡರೆ ಅಪರಾಧಿ. ತಣ್ಣೀರಿನ ಪರೀಕ್ಷೆಯಲ್ಲಿ ಮುಳುಗಿದವನು ನಿರ್ದೋಷಿ, ತೇಲಿದವನು ದೋಷಿ. ಇದೆಲ್ಲ ನಡೆಯಲು ಪಾದ್ರಿಯ ಆಶೀರ್ವಾದ ಬೇಕಿತ್ತು.

1215ರ ನವೆಂಬರಿನಲ್ಲಿ ಪೋಪ್ ಮೂರನೇ ಇನ್ನೊಸೆಂಟ್ ರೋಮಿನ ಲ್ಯಾಟರನ್‌ನಲ್ಲಿ ಮಹಾಸಭೆ ಕರೆದರು. ಅದರ ಎರಡು ನಿಯಮಗಳು ನಿಮ್ಮ ವಿಷಯಕ್ಕೆ ಮುಖ್ಯ. 18ನೇ ನಿಯಮ: ಪಾದ್ರಿಗಳು ಇನ್ನು ಇಂಥ ಪರೀಕ್ಷೆಗಳಿಗೆ ಆಶೀರ್ವಾದ ಕೊಡಬಾರದು. 21ನೇ ನಿಯಮ: ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕು, ಅಂದರೆ ತಮ್ಮ ಪಾಪಗಳನ್ನು ಗುರುವಿಗೆ ಹೇಳಿಕೊಳ್ಳಬೇಕು, ಕೇಳಿದ ಗುರು ಅದನ್ನು ಯಾರಿಗೂ ಬಾಯಿಬಿಡಬಾರದು. ಬಾಯಿಬಿಟ್ಟರೆ ಅವನ ಪದವಿ ಕಿತ್ತು, ಬದುಕಿರುವಷ್ಟು ಕಾಲ ಕಠಿಣ ಮಠದಲ್ಲಿಡಬೇಕು. ಕಾನೂನು ಚರಿತ್ರೆಯ ಪುಸ್ತಕಗಳಲ್ಲಿ 18ನೇ ನಿಯಮ ಬರುತ್ತದೆ, 21 ಹೆಚ್ಚಾಗಿ ಬರುವುದಿಲ್ಲ. ಎರಡನ್ನೂ ಒಟ್ಟಿಗೆ ಓದಿದರೆ ಮಾತ್ರ ಆಗಿದ್ದೇನು ಎಂಬುದು ತಿಳಿಯುತ್ತದೆ. ಮನುಷ್ಯರ ಕೋರ್ಟಿನ ತೀರ್ಪಿಗೆ ದೇವರನ್ನು ಸಾಕ್ಷಿಗೆ ಕರೆಯುವುದು ನಿಂತಿತು. ಮನಸ್ಸಿನ ಒಳಗಿನದಕ್ಕೆ ಬೇರೆಯೇ ಒಂದು ನ್ಯಾಯಪೀಠ ಸಿಕ್ಕಿತು. ಆ ಪೀಠದ ಗುಟ್ಟು ಹೊರಗಿನ ಪೀಠಕ್ಕೆ ಸಿಗುವಂತಿಲ್ಲ. ಗುಪ್ತವಾದದ್ದನ್ನು ಚರ್ಚ್ ವಿಚಾರಣೆ ಮಾಡುವುದಿಲ್ಲ ಎಂಬುದು ಆ ಕಾಲದ ಚರ್ಚ್ ಕಾನೂನಿನ ಹೆಸರಾದ ಸೂತ್ರ. ಇಂಗ್ಲೆಂಡಿನಲ್ಲಿ ನ್ಯಾಯಾಧೀಶರು ಮುಂದೇನು ಮಾಡುವುದು ಎಂದು ತಿಳಿಯದೆ ಕೂತರು. 1219ರಲ್ಲಿ ಅವರಿಗೆ ರಾಜನ ಕಡೆಯಿಂದ ಪತ್ರ ಹೋಯಿತು. ಆ ಖಾಲಿ ಜಾಗದಲ್ಲಿ ಬೆಳೆದದ್ದೇ ಕ್ರಿಮಿನಲ್ ಪ್ರಕರಣಗಳ ಜ್ಯೂರಿ, ಅಂದರೆ ತೀರ್ಪು ಹೇಳುವ ಸಾಮಾನ್ಯ ಜನರ ಗುಂಪು.

ಇನ್ನು ಅನುಭಾವಿಗಳು. ಇಲ್ಲಿ ಒಬ್ಬ ಹೆಣ್ಣುಮಗಳ ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅನುಭಾವ ಮತ್ತು ಕಾನೂನು ಎದುರುಬದುರು ನಿಂತದ್ದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪ್ರಸಂಗ ನಾನು ಓದಿಲ್ಲ.

ಹಿಲ್ಡೆಗಾರ್ಡ್ ಹುಟ್ಟಿದ್ದು 1098ರಲ್ಲಿ. ರೈನ್ ನದಿಯ ದಡದ ಬಿಂಗನ್ ಹತ್ತಿರ ರೂಪರ್ಟ್ಸ್‌ಬರ್ಗ್ ಎಂಬಲ್ಲಿ ತಮ್ಮದೇ ಕನ್ಯಾಮಠ ಕಟ್ಟಿದವರು. ದರ್ಶನಗಳನ್ನು ಬರೆಸಿದರು, ಗಿಡಮೂಲಿಕೆಗಳ ಬಗ್ಗೆ ಬರೆದರು, ಹಾಡು ಕಟ್ಟಿದರು. ಆ ಹಾಡುಗಳನ್ನು ಇವತ್ತೂ ಹಾಡುತ್ತಾರೆ. ತಮಗೆ ಕಾಣುವುದನ್ನು ಅವರು 'ಜೀವಂತ ಬೆಳಕು' ಎಂದು ಕರೆದರು.

1178ರಲ್ಲಿ, ಅವರಿಗೆ ಸುಮಾರು 80 ವರ್ಷ ಆಗಿದ್ದಾಗ, ಮಠದ ಸ್ಮಶಾನದಲ್ಲಿ ಒಬ್ಬ ಶ್ರೀಮಂತನನ್ನು ಮಣ್ಣು ಮಾಡಿದರು. ಅವನಿಗೆ ಹಿಂದೆ ಚರ್ಚ್ ಬಹಿಷ್ಕಾರ ಹಾಕಿತ್ತು. ಸಾಯುವ ಮುಂಚೆ ಅವನು ಪಾಪನಿವೇದನೆ ಮಾಡಿ ಕ್ಷಮೆ ಪಡೆದಿದ್ದ, ಪರಮಪ್ರಸಾದವನ್ನೂ ಸ್ವೀಕರಿಸಿದ್ದ. ಮೈನ್ಜ್ ನಗರದ ಚರ್ಚಿನ ಅಧಿಕಾರಿಗಳು ಇದನ್ನು ಒಪ್ಪಲಿಲ್ಲ. ಆರ್ಚ್‌ಬಿಷಪ್ ಕ್ರಿಸ್ಟಿಯಾನ್ ಇಟಲಿಯಲ್ಲಿದ್ದರು. ಹೆಣ ತೆಗೆದು ಹೊರಗೆ ಹಾಕಿ, ಇಲ್ಲದಿದ್ದರೆ ಮಠಕ್ಕೇ ನಿಷೇಧ ಎಂದು ಆದೇಶ ಬಂತು. ನಿಷೇಧ ಎಂದರೆ ಬಲಿಪೂಜೆ ಇಲ್ಲ, ಪರಮಪ್ರಸಾದ ಇಲ್ಲ, ಪ್ರಾರ್ಥನೆಯನ್ನು ಹಾಡುವಂತಿಲ್ಲ. ಬಾಗಿಲು ಮುಚ್ಚಿಕೊಂಡು ತಗ್ಗಿದ ದನಿಯಲ್ಲಿ ಓದಿಕೊಳ್ಳಬೇಕು. ಹಾಡೇ ಉಸಿರಾಗಿದ್ದ ಮಠಕ್ಕೆ ಇದು ಎಂಥ ಶಿಕ್ಷೆ ಎಂದು ಯೋಚಿಸಿ.

ಹಿಲ್ಡೆಗಾರ್ಡ್ ಮಾಡಿದ್ದನ್ನು ಕಾನೂನು ವಿದ್ಯಾರ್ಥಿಯ ಕಣ್ಣಿನಿಂದ ನೋಡಿ. ಹೆಣ ತೆಗೆಯಲು ಒಪ್ಪಲಿಲ್ಲ. ಗೋರಿ ಗುರುತು ಸಿಗದಂತೆ ಅದರ ಮೇಲೆ ಕೋಲಾಡಿಸಿ ಅಳಿಸಿಬಿಟ್ಟರಂತೆ. ಆದರೆ ನಿಷೇಧವನ್ನು ಮಾತ್ರ ಪಾಲಿಸಿದರು. ಹಾಡು ನಿಲ್ಲಿಸಿದರು, ಪರಮಪ್ರಸಾದ ಬಿಟ್ಟರು. ಅವರು ಅಧಿಕಾರವನ್ನು ತಳ್ಳಿಹಾಕಲಿಲ್ಲ. ಒಂದು ಆದೇಶ ಮಾತ್ರ ತಪ್ಪು ಎಂದರು. ಆಮೇಲೆ ಮೈನ್ಜ್ ಅಧಿಕಾರಿಗಳಿಗೆ ಪತ್ರ ಬರೆದರು. ಆ ಪತ್ರ ಉಳಿದಿದೆ. ಹೆಣವನ್ನು ಹೊರಗೆ ಹಾಕಿದರೆ ಬಿರುಗಾಳಿಯ ಮುಂಚಿನ ಕರಿಮೋಡದ ಹಾಗೆ ಒಂದು ಕತ್ತಲು ನಮ್ಮನ್ನು ಸುತ್ತಿಕೊಳ್ಳುತ್ತದೆ ಎಂದು ದರ್ಶನದಲ್ಲಿ ಕಂಡಿದ್ದನ್ನು ಹೇಳುತ್ತಾರೆ. ಅಷ್ಟಕ್ಕೇ ನಿಲ್ಲಿಸುವುದಿಲ್ಲ, ಹಾಡು ಎಂದರೇನು ಎಂದು ವಾದ ಹೂಡುತ್ತಾರೆ. ಪಾಪಕ್ಕೆ ಮುಂಚೆ ಆದಾಮನ ದನಿಯಲ್ಲಿ ದೇವದೂತರ ದನಿಯ ಇಂಪಿತ್ತು. ಮನುಷ್ಯ ಹಾಡಿದಾಗ ಆ ದನಿ ಸ್ವಲ್ಪವಾದರೂ ವಾಪಸ್ ಬರುತ್ತದೆ. ಅದನ್ನು ಕೇಳಿದರೆ ಪಿಶಾಚಿಗೆ ತಳಮಳ. ಆತ್ಮವೇ ಒಂದು ರಾಗಮೇಳ. ಹಾಗಾಗಿ ಸರಿಯಾಗಿ ತೂಗಿ ನೋಡದೆ ದೇವರ ಹಾಡಿನ ಬಾಯಿ ಮುಚ್ಚಿಸುವವರಿಗೆ, ಪಶ್ಚಾತ್ತಾಪ ಪಡದಿದ್ದರೆ, ಸ್ವರ್ಗದಲ್ಲಿ ದೇವದೂತರ ಹಾಡಿನಲ್ಲಿ ಪಾಲು ಸಿಗುವುದಿಲ್ಲ ಎಂದು ಎಚ್ಚರಿಸುತ್ತಾರೆ. 80ರ ವಯಸ್ಸಿನ ಸಂನ್ಯಾಸಿನಿಯೊಬ್ಬರು ತಮ್ಮ ಮೇಲಧಿಕಾರಿಗಳಿಗೆ ಹೀಗೆ ಬರೆಯಬೇಕಾದರೆ ಎಷ್ಟು ಧೈರ್ಯ ಬೇಕು!

ಇಷ್ಟಾದರೂ ಪ್ರಕರಣ ಗೆದ್ದದ್ದು ದರ್ಶನದಿಂದ ಅಲ್ಲ. ಸಾಕ್ಷ್ಯದಿಂದ. ಕಲೋನಿನ ಆರ್ಚ್‌ಬಿಷಪ್ ಫಿಲಿಪ್ ಒಬ್ಬ ಯೋಧನನ್ನು ಕರೆತಂದರು. ಸತ್ತವನ ಜೊತೆಗೇ, ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಕ್ಷಮೆ ಪಡೆದವನು ಅವನು. ಇಬ್ಬರಿಗೂ ಕ್ಷಮೆ ಕೊಟ್ಟ ಪಾದ್ರಿಯೂ ಬಂದ. ನಿಷೇಧ ಹೋಯಿತು. ಆದರೆ ಇಟಲಿಯಿಂದ ಮತ್ತೆ ಆದೇಶ ಬಂದು ಮಠದ ಬಾಯಿ ಮತ್ತೆ ಮುಚ್ಚಿತು. ಹಿಲ್ಡೆಗಾರ್ಡ್ ಆರ್ಚ್‌ಬಿಷಪ್ ಕ್ರಿಸ್ಟಿಯಾನ್‌ಗೇ ನೇರವಾಗಿ ಬರೆದರು. 1179ರ ಮಾರ್ಚಿನಲ್ಲಿ ಅವರು ನಿಷೇಧವನ್ನು ಪೂರ್ತಿ ತೆಗೆದರು. ಅದೇ ವರ್ಷ ಸೆಪ್ಟೆಂಬರ್ 17ರಂದು ಹಿಲ್ಡೆಗಾರ್ಡ್ ತೀರಿಕೊಂಡರು. 2012ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ಅವರನ್ನು ಚರ್ಚಿನ ಪಂಡಿತರ ಸಾಲಿಗೆ ಸೇರಿಸಿದರು.

ದರ್ಶನ ಅವರಿಗೆ ನಿಲ್ಲುವ ಶಕ್ತಿ ಕೊಟ್ಟಿತು. ಪತ್ರ ಅಧಿಕಾರಿಗಳ ಮನಸ್ಸನ್ನು ಕುಟುಕಿತು. ತೀರ್ಪಿಗೆ ಮಾತ್ರ ಎಲ್ಲರೂ ಪರೀಕ್ಷಿಸಬಹುದಾದ ಸಾಕ್ಷಿ ಬೇಕಾಯಿತು. ಕಾನೂನಿಗೆ ಆಧ್ಯಾತ್ಮಿಕ ತಳಹದಿ ಎನ್ನುವವರು ಇದನ್ನು ಗಮನಿಸಬೇಕು ಎಂದು ನನ್ನ ಆಸೆ. ಅನುಭಾವಿಯೊಬ್ಬರು ಕೋರ್ಟಿನ ಕುರ್ಚಿಯಲ್ಲಿ ಕೂತು ದರ್ಶನದಿಂದ ತೀರ್ಪು ಕೊಡಲಿಲ್ಲ. ಹಾಗೆ ಕೊಡುವ ವ್ಯವಸ್ಥೆ ನಮಗೆ ಬೇಕಾಗಿಯೂ ಇಲ್ಲ.

ಇನ್ನೊಬ್ಬರು ಮೈಸ್ಟರ್ ಎಕ್‌ಹಾರ್ಟ್, ಜರ್ಮನ್ ನಾಡಿನ ದೊಡ್ಡ ಅನುಭಾವಿ. 1326ರಲ್ಲಿ ಕಲೋನಿನಲ್ಲಿ ಅವರ ಮೇಲೆ ಧರ್ಮವಿರೋಧದ ವಿಚಾರಣೆ ನಡೆಯಿತು. ಅವರ ಪ್ರತಿವಾದದ ಒಂದು ಮಾತು: ನಾನು ತಪ್ಪು ಮಾಡಿರಬಹುದು, ಧರ್ಮವಿರೋಧಿ ಆಗಿರಲಾರೆ, ಏಕೆಂದರೆ ಮೊದಲನೆಯದು ಬುದ್ಧಿಗೆ ಸೇರಿದ್ದು, ಎರಡನೆಯದು ಇಚ್ಛೆಗೆ. ಅಗಸ್ಟೀನರ ಮಳೆಯ ಉದಾಹರಣೆ ಇಲ್ಲಿ ತಿರುಗಿ ನಿಂತಿದೆ, ಈ ಬಾರಿ ಆರೋಪಿಯ ರಕ್ಷಣೆಗೆ. ಎಕ್‌ಹಾರ್ಟ್ ಪೋಪ್‌ಗೆ ಮೇಲ್ಮನವಿ ಹಾಕಿಕೊಂಡರು, ತೀರ್ಪು ಬರುವ ಮುಂಚೆ ಸತ್ತರು. 1329ರ ಮಾರ್ಚ್ 27ರಂದು ಅವರ 28 ಹೇಳಿಕೆಗಳನ್ನು ಪೋಪ್ 22ನೇ ಜಾನ್ ಖಂಡಿಸಿದರು. 17 ಧರ್ಮವಿರೋಧ, 11 ಅನುಮಾನಾಸ್ಪದ ಎಂದು ಪಟ್ಟಿ ಮಾಡಿದರು.

ಈ ಕಥೆಯ ಕೆಟ್ಟ ಭಾಗವನ್ನೂ ಹೇಳಲೇಬೇಕು. ಒಳಗನ್ನು ನೋಡಬೇಕು ಎಂಬ ಆಸೆಯೇ ಒಳಗನ್ನು ಒಡೆದು ನೋಡುವುದಕ್ಕೂ ದಾರಿ ಮಾಡಿತು. ಕಾದ ಕಬ್ಬಿಣ ಹೋದ ಮೇಲೆ ಯುರೋಪಿನ ಹೆಚ್ಚಿನ ಕಡೆ ಗಂಭೀರ ಅಪರಾಧಕ್ಕೆ ಎರಡು ಪ್ರತ್ಯಕ್ಷ ಸಾಕ್ಷಿ ಬೇಕು, ಇಲ್ಲವೇ ತಪ್ಪೊಪ್ಪಿಗೆ ಬೇಕು ಎಂದಾಯಿತು. ಇಬ್ಬರು ಪ್ರತ್ಯಕ್ಷ ಸಾಕ್ಷಿ ಎಲ್ಲಿ ಸಿಗುತ್ತಾರೆ? ಉಳಿದದ್ದು ತಪ್ಪೊಪ್ಪಿಗೆ. 1252ರಲ್ಲಿ ಪೋಪ್ ನಾಲ್ಕನೇ ಇನ್ನೊಸೆಂಟ್ ಧರ್ಮವಿರೋಧದ ಪ್ರಕರಣಗಳಲ್ಲಿ ಚಿತ್ರಹಿಂಸೆಗೆ ಅನುಮತಿ ಕೊಟ್ಟರು. ಯಾವ ಚರ್ಚು ಪಾಪನಿವೇದನೆಯ ಗುಟ್ಟನ್ನು ಅಷ್ಟು ಗಟ್ಟಿಯಾಗಿ ಕಾಪಾಡಿತೋ, ಅದೇ ಚರ್ಚು ಹೊರಗಿನ ಕೋರ್ಟಿನಲ್ಲಿ ತಪ್ಪೊಪ್ಪಿಗೆಯನ್ನು ಹಿಂಡಿ ತೆಗೆಯಲು ಬಿಟ್ಟಿತು. ಇದನ್ನು ಮೆತ್ತಗೆ ಹೇಳುವ ಅಗತ್ಯ ಇಲ್ಲ. ಇದು ದ್ರೋಹ.

ಮಾರ್ಗರೀಟ್ ಪೊರೇತ್ ಎಂಬ ಅನುಭಾವಿಯನ್ನು 1310ರ ಜೂನ್ 1ರಂದು ಪ್ಯಾರಿಸಿನಲ್ಲಿ ಸುಟ್ಟರು. ಆತ್ಮ ದೇವರ ಪ್ರೀತಿಯಲ್ಲಿ ಪೂರ್ತಿ ಕರಗಿಹೋಗುವುದರ ಬಗ್ಗೆ ಆಕೆ ಪುಸ್ತಕ ಬರೆದಿದ್ದರು. ಅದರ ಆಯ್ದ ಸಾಲುಗಳನ್ನು 21 ಪಂಡಿತರು ಓದಿ ತಪ್ಪು ಎಂದರು. ಆಕೆ ಮಾತ್ರ ತಿಂಗಳುಗಟ್ಟಲೆ ಬಂಧನದಲ್ಲಿದ್ದರೂ ವಿಚಾರಣೆಗೆ ಬೇಕಾದ ಪ್ರಮಾಣ ತೆಗೆದುಕೊಳ್ಳಲಿಲ್ಲ, ಪ್ರಶ್ನೆಗಳಿಗೆ ಉತ್ತರ ಕೊಡಲಿಲ್ಲ. ಆ ಮೌನಕ್ಕೆ ಆಗಿನ ಕಾನೂನಿನಲ್ಲಿ ರಕ್ಷಣೆ ಇರಲಿಲ್ಲ. ಪುಸ್ತಕ ಲೇಖಕರ ಹೆಸರಿಲ್ಲದೆ ಕೈಯಿಂದ ಕೈಗೆ ದಾಟುತ್ತ ಉಳಿಯಿತು. ಅದು ಆಕೆಯದೇ ಎಂದು ಗುರುತು ಸಿಕ್ಕಿದ್ದು 1946ರಲ್ಲಿ.

ಮೌನಕ್ಕೆ ರಕ್ಷಣೆ ಸಿಕ್ಕಿದ್ದು ಮುನ್ನೂರು ವರ್ಷದ ಮೇಲೆ, ಇಂಗ್ಲೆಂಡಿನಲ್ಲಿ. ಯಾರೂ ತನ್ನನ್ನು ತಾನೇ ಹಿಡಿದುಕೊಡಬೇಕಾಗಿಲ್ಲ ಎಂಬ ಸೂತ್ರ ಹಳೆಯ ಚರ್ಚ್ ಕಾನೂನಿನಲ್ಲೇ ಇತ್ತು. ಸಂತ ಕ್ರಿಸೊಸ್ಟಮ್ ಅವರ ಬೈಬಲ್ ವ್ಯಾಖ್ಯಾನದಿಂದ ಬಂದದ್ದು. 1637ರಲ್ಲಿ ಜಾನ್ ಲಿಲ್‌ಬರ್ನ್ ಎಂಬ ಯುವಕನನ್ನು ನಿಷಿದ್ಧ ಪುಸ್ತಕ ತರಿಸಿದ ಆರೋಪದ ಮೇಲೆ ಸ್ಟಾರ್ ಚೇಂಬರ್ ಎಂಬ ರಾಜನ ವಿಶೇಷ ಕೋರ್ಟು ಹಿಡಿಸಿತು. ಏನು ಕೇಳುತ್ತಾರೆ ಎಂದು ಮೊದಲು ಹೇಳದೆ ಎಲ್ಲಕ್ಕೂ ಉತ್ತರ ಕೊಡುತ್ತೇನೆ ಎಂದು ಪ್ರಮಾಣ ಮಾಡಬೇಕಿತ್ತು. ಲಿಲ್‌ಬರ್ನ್ ಒಪ್ಪಲಿಲ್ಲ. 1638ರಲ್ಲಿ ಅವನನ್ನು ಗಾಡಿಗೆ ಕಟ್ಟಿ ಫ್ಲೀಟ್ ಜೈಲಿನಿಂದ ವೆಸ್ಟ್‌ಮಿನ್‌ಸ್ಟರ್ ತನಕ ಚಾವಟಿಯಲ್ಲಿ ಹೊಡೆಯುತ್ತ ಕರೆದೊಯ್ದರು. 1641ರಲ್ಲಿ ಪಾರ್ಲಿಮೆಂಟು ಆ ಕೋರ್ಟನ್ನೇ ರದ್ದು ಮಾಡಿತು. ಲಿಲ್‌ಬರ್ನ್ ಕೊನೆಗಾಲದಲ್ಲಿ ಕ್ವೇಕರ್ ಆದ.

ಕ್ವೇಕರರ ಹೆಸರು ಬಂದದ್ದು ಒಳ್ಳೆಯದಾಯಿತು. ಕಾನೂನನ್ನು ನೇರವಾಗಿ ಬದಲಾಯಿಸಿದ ಅನುಭಾವಿ ಪಂಥ ಯಾವುದು ಎಂದು ಕೇಳಿದರೆ ನಾನು ಇವರ ಹೆಸರನ್ನೇ ಹೇಳುತ್ತೇನೆ. ಜಾರ್ಜ್ ಫಾಕ್ಸ್ 1650ರ ಹೊತ್ತಿಗೆ ಕಟ್ಟಿದ ಪಂಥ ಇದು. ಪ್ರತಿಯೊಬ್ಬರ ಒಳಗೂ ಕ್ರಿಸ್ತನ ಬೆಳಕಿದೆ, ಪಾದ್ರಿ ಬೇಡ, ಮೌನವಾಗಿ ಕೂತು ಅದಕ್ಕೆ ಕಾಯಬೇಕು ಎನ್ನುವವರು. ಪ್ರಮಾಣ ಮಾಡಲೇಬೇಡಿ, ನಿಮ್ಮ ಮಾತು ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದಿರಲಿ ಎಂಬ ಕ್ರಿಸ್ತನ ಮಾತನ್ನು ಇವರು ಅಕ್ಷರಶಃ ತೆಗೆದುಕೊಂಡರು. ಕೋರ್ಟಿನಲ್ಲಿ ಪ್ರಮಾಣ ಮಾಡಿದರೆ ಉಳಿದ ಹೊತ್ತಿನಲ್ಲಿ ಸುಳ್ಳು ಹೇಳಬಹುದು ಎಂದಾಗುವುದಿಲ್ಲವೇ ಎಂಬುದು ಅವರ ಪ್ರಶ್ನೆ. ಇದಕ್ಕಾಗಿ ಎಷ್ಟೋ ಜನ ಜೈಲಿಗೆ ಹೋದರು, ಆಸ್ತಿ ಕಳೆದುಕೊಂಡರು. ಕೊನೆಗೆ 1690ರ ದಶಕದಲ್ಲಿ ಇಂಗ್ಲಿಷ್ ಪಾರ್ಲಿಮೆಂಟು ಅವರಿಗೆ ಪ್ರಮಾಣದ ಬದಲು ಗಂಭೀರವಾಗಿ ದೃಢೀಕರಿಸುವ ಅವಕಾಶ ಕೊಟ್ಟಿತು. ನಮ್ಮ 1969ರ ಪ್ರಮಾಣ ಕಾಯ್ದೆಯಲ್ಲಿ, ಸಂವಿಧಾನದ ಮೂರನೇ ಅನುಸೂಚಿಯಲ್ಲಿ ಇರುವ ಎರಡು ದಾರಿಗಳನ್ನು ನೆನಪಿಸಿಕೊಳ್ಳಿ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಅಥವಾ ದೃಢೀಕರಿಸಬಹುದು. ಇವತ್ತು ದೇವರನ್ನು ನಂಬದ ಶಾಸಕರೂ ಬಳಸುವ ಆ ಎರಡನೇ ದಾರಿ ತೆರೆದದ್ದು ದೇವರನ್ನು ತೀರಾ ಗಾಢವಾಗಿ ನಂಬಿದವರಿಂದ.

1670ರಲ್ಲಿ ವಿಲಿಯಂ ಪೆನ್ ಎಂಬ ಕ್ವೇಕರ್ ಮೇಲೆ, ಲಂಡನ್ನಿನ ಬೀದಿಯಲ್ಲಿ ಪ್ರವಚನ ಮಾಡಿದ್ದಕ್ಕೆ ವಿಚಾರಣೆಯಾಯಿತು. ಮಾತಾಡಿದ್ದು ನಿಜ ಎಂದಷ್ಟೇ ಜ್ಯೂರಿ ಹೇಳಿತು, ಕಾನೂನುಬಾಹಿರ ಸಭೆ ಎಂದು ಹೇಳಲಿಲ್ಲ. ಅನ್ನ, ನೀರು, ಬೆಂಕಿ ಕೊಡದೆ ಕೂಡಿಹಾಕಿದರೂ ಬಗ್ಗಲಿಲ್ಲ. ಜ್ಯೂರಿಯವರಿಗೇ ದಂಡ ಹಾಕಿ ಜೈಲಿಗೆ ಕಳಿಸಿದರು. ಬುಶೆಲ್ ಎಂಬ ಜ್ಯೂರಿ ಸದಸ್ಯನ ಅರ್ಜಿಯ ಮೇಲೆ ಮುಖ್ಯ ನ್ಯಾಯಾಧೀಶ ವಾನ್, ತೀರ್ಪಿಗಾಗಿ ಜ್ಯೂರಿಯನ್ನು ಶಿಕ್ಷಿಸುವಂತಿಲ್ಲ ಎಂದರು. ಇದನ್ನು ನಿಮ್ಮ ಪಠ್ಯದಲ್ಲಿ ಓದಿರುತ್ತೀರಿ, ಹಾಗಾಗಿ ಹೆಚ್ಚು ಬೆಳೆಸುವುದಿಲ್ಲ.

ನಮ್ಮ ಸಂವಿಧಾನಕ್ಕೆ ಬಂದರೆ, 20(3)ನೇ ವಿಧಿ ಆರೋಪಿಯನ್ನು ತನ್ನ ವಿರುದ್ಧವೇ ಸಾಕ್ಷಿಯಾಗುವಂತೆ ಬಲವಂತ ಮಾಡಬಾರದು ಎನ್ನುತ್ತದೆ. 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಡುತ್ತದೆ. ಈ ಎರಡರ ಹಿಂದೆ ನಾನು ಮೇಲೆ ಹೇಳಿದ ಜನರ ಹೆಜ್ಜೆ ಇದೆ. 1986ರ ಒಂದು ತೀರ್ಪನ್ನು ಹಿಲ್ಡೆಗಾರ್ಡ್ ಪತ್ರದ ಪಕ್ಕದಲ್ಲಿಟ್ಟು ಓದಿ ನೋಡಿ. ಕೇರಳದಲ್ಲಿ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದ ಮೂವರು ಮಕ್ಕಳು ಶಾಲೆಯಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ತಮ್ಮ ನಂಬಿಕೆ ಅದಕ್ಕೆ ಒಪ್ಪುವುದಿಲ್ಲ ಎಂದರು. ಶಾಲೆಯಿಂದ ಹೊರಗೆ ಹಾಕಿದರು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಮಕ್ಕಳ ಪರ ತೀರ್ಪು ಬರೆದರು. ಆ ನಂಬಿಕೆ ನಮಗೆ ಸರಿ ಎನ್ನಿಸುತ್ತದೆಯೋ ಇಲ್ಲವೋ ಎಂಬುದು ಪ್ರಶ್ನೆಯೇ ಅಲ್ಲ, ಅದು ಪ್ರಾಮಾಣಿಕವಾಗಿ ಹಿಡಿದ ನಂಬಿಕೆಯೇ ಎಂಬುದಷ್ಟೇ ಮುಖ್ಯ ಎಂಬ ಧಾಟಿಯಲ್ಲಿ ಆ ತೀರ್ಪು ಸಾಗುತ್ತದೆ. ಒಂದು ಕಡೆ ಹಾಡಬೇಡಿ ಎಂಬ ಆದೇಶ, ಇನ್ನೊಂದು ಕಡೆ ಹಾಡಿ ಎಂಬ ಆದೇಶ. ಎರಡರಲ್ಲೂ ಅಧಿಕಾರ ಎಡವಿದ್ದು ಒಂದೇ ಕಡೆ, ಮನುಷ್ಯನ ಒಳಗಿನ ಆ ಜಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ.

ಹಾಗೆಂದು ಪಶ್ಚಿಮದ ಕಾನೂನೆಲ್ಲ ಕ್ರೈಸ್ತ ಅನುಭಾವದ ಮೇಲೆ ನಿಂತಿದೆ ಎಂದು ಬರೆಯಬೇಡಿ. ರೋಮನ್ ಕಾನೂನಿನ ಪಾಲು ಬಹಳ ದೊಡ್ಡದು. ಇಟಲಿಯ ಬೊಲೊನ್ಯಾದಲ್ಲಿ 1140ರ ಸುಮಾರಿಗೆ ಗ್ರೇಶಿಯನ್ ಎಂಬ ಪಂಡಿತ ಚರ್ಚ್ ಕಾನೂನನ್ನು ಒಂದುಗೂಡಿಸಿದಾಗ ಆ ನಗರದಲ್ಲಿ ಜಸ್ಟೀನಿಯನ್ ಚಕ್ರವರ್ತಿಯ ರೋಮನ್ ಕಾನೂನಿನ ಪಾಠವೂ ಜೋರಾಗಿ ನಡೆಯುತ್ತಿತ್ತು. ರಾಜರಿಗೆ ತೆರಿಗೆ ಬೇಕಿತ್ತು, ವ್ಯಾಪಾರಿಗಳಿಗೆ ಕರಾರು ಬೇಕಿತ್ತು, ಅದರಿಂದಲೂ ಕಾನೂನು ಬೆಳೆಯಿತು. ನಮ್ಮ ಸಂವಿಧಾನದ ಆತ್ಮಸಾಕ್ಷಿಗೆ ಈ ನೆಲದ ಬೇರುಗಳೂ ಇವೆ. ಅನುಭಾವಿಗಳ ಪಾಲು ಕಟ್ಟಡದ ಒಂದು ಕೋಣೆಯಷ್ಟು ಮಾತ್ರ. ಆ ಕೋಣೆ ಇಲ್ಲದ ಕೋರ್ಟಿನಲ್ಲಿ ಆರೋಪಿಯಾಗಿ ನಿಲ್ಲಲು ನಾನು ಇಷ್ಟಪಡುವುದಿಲ್ಲ.

ಸೆಮಿನಾರಿಗೆ ಖಂಡಿತ ತೆಗೆದುಕೊಳ್ಳಿ, ಆದರೆ ವಿಷಯವನ್ನು ಚಿಕ್ಕದು ಮಾಡಿಕೊಳ್ಳಿ. ಪ್ರಮಾಣ ಮತ್ತು ದೃಢೀಕರಣ, ಕ್ವೇಕರರಿಂದ 1969ರ ಕಾಯ್ದೆಯ ತನಕ ಎಂದಿಟ್ಟುಕೊಂಡರೆ ಒಂದು ಸೆಮಿನಾರಿಗೆ ಬೇಕಾದಷ್ಟಿದೆ, ಮೂಲ ದಾಖಲೆಗಳೂ ಸುಲಭವಾಗಿ ಸಿಗುತ್ತವೆ. ಮಧ್ಯಯುಗವೇ ಇಷ್ಟ ಎಂದಾದರೆ ಲ್ಯಾಟರನ್ ಸಭೆಯ 18 ಮತ್ತು 21ನೇ ನಿಯಮಗಳನ್ನು ಹಿಡಿಯಿರಿ. ಎರಡೂ ಒಂದೊಂದು ಪ್ಯಾರಾದಷ್ಟೇ ಉದ್ದ, ಮೊದಲು ಅವನ್ನೇ ನೇರವಾಗಿ ಓದಿ. ಹಿಲ್ಡೆಗಾರ್ಡ್ ಅವರ ಮೈನ್ಜ್ ಪತ್ರವನ್ನೂ ಅನುವಾದದಲ್ಲಿ ಪೂರ್ತಿ ಓದಿ, ಸಾರಾಂಶ ಸಾಲದು. ಕಣ್ಣಿನ ಪಟ್ಟಿಗೆ ಒಂದು ಸ್ಲೈಡ್ ಸಾಕು. ಕಂಬಗಳನ್ನು ಬಿಟ್ಟುಬಿಡಿ.